ವಾರಕ್ಕೆ 40 ಪದ

ಕೇಳುಗರಿಗೆ ನಮಸ್ಕಾರ.

ನೌಕಾಪಡೆಯ ಧಾರಾವಾಹಿ ಅಂದರೆ ಫಿರಂಗಿ, ಬಿರುಗಾಳಿ ಇದ್ದೇ ಇರುತ್ತವೆ. ಬೇಡ ಅನ್ನಲ್ಲ. ಆದರೆ ನನಗೆ ಇಷ್ಟ ಆಗುವುದು ಹಡಗು ದಡಕ್ಕೆ ಬಂದ ಮೇಲಿನ ಭಾಗ.

2004ರಲ್ಲಿ ಬ್ರಿಟನ್ನಿನ ಐಟಿವಿಯಲ್ಲಿ ‘ಮೇಕಿಂಗ್ ವೇವ್ಸ್’ ಅಂತ ಒಂದು ಧಾರಾವಾಹಿ ಬಂತು. ಪೋರ್ಟ್ಸ್‌ಮತ್ ನೌಕಾನೆಲೆ, ಸಫೋಕ್ ಅನ್ನುವ ಕಾಲ್ಪನಿಕ ಯುದ್ಧನೌಕೆ, ಅದರಲ್ಲಿ ದುಡಿಯುವವರು, ದಡದಲ್ಲಿ ಅವರ ಸಂಸಾರ. ಶೂಟಿಂಗಿಗೆ ಗ್ರಾಫ್ಟನ್ ಅನ್ನುವ ನಿಜವಾದ ಯುದ್ಧನೌಕೆಯನ್ನೇ ಬಳಸಿದರು. ಆದರೂ ನೋಡುವವರು ಕಡಿಮೆ ಅಂತ 6 ಕಂತಿನಲ್ಲಿ 3ಕ್ಕೇ ನಿಲ್ಲಿಸಿಬಿಟ್ಟರು! ಉಳಿದದ್ದನ್ನು ಡಿವಿಡಿ ಬಂದ ಮೇಲೆ ನೋಡಬೇಕಾಯಿತು.

ಗಂಡ ಹೊರಡುವ ದೃಶ್ಯ ಬರೆಯುವುದು ಸುಲಭ, ಕಣ್ಣೀರು ಹಾಕಿಸಿದರೆ ಆಯ್ತು. ವಾಪಸ್ ಬರುವುದೇ ಕಷ್ಟದ್ದು. ಅಷ್ಟು ತಿಂಗಳು ಅವಳೇ ಬಿಲ್ ಕಟ್ಟಿ, ಅವಳೇ ನಲ್ಲಿ ರಿಪೇರಿ ಮಾಡಿಸಿ, ಮಗುವಿಗೆ ಜ್ವರ ಬಂದರೆ ರಾತ್ರಿಯಲ್ಲಿ ಅವಳೇ ಓಡಿ, ಮನೆಯನ್ನು ತನ್ನ ರೀತಿಗೆ ಒಗ್ಗಿಸಿಕೊಂಡಿರುತ್ತಾಳೆ. ಇವನು ಬಂದವನೇ ಹಡಗಿನಲ್ಲಿದ್ದ ಹಾಗೆ ಹುಕುಂ ಕೊಡಲು ಶುರು ಮಾಡುತ್ತಾನೆ. ಚಮಚ ಯಾವ ಡ್ರಾಯರಿನಲ್ಲಿದೆ ಅಂತ ಪಕ್ಕದ ಮನೆ ಗೆಳತಿಗೆ ಗೊತ್ತು, ಇವನಿಗೆ ಗೊತ್ತಿಲ್ಲ. ಹೊಟ್ಟೆಕಿಚ್ಚು ಆಗದೆ ಇರುತ್ತದಾ? ಆ ಗೆಳತಿಯ ಗಂಡ ಇವನ ಮೇಲಧಿಕಾರಿ ಆಗಿಬಿಟ್ಟರಂತೂ ಮುಗೀತು.

ಜಲಾಂತರ್ಗಾಮಿಯವರ ಮನೆ ಕಥೆ ಇನ್ನೂ ಬೇರೆ. ಸ್ಕಾಟ್ಲೆಂಡಿನಲ್ಲಿ ಫಾಸ್ಲೇನ್ ನೆಲೆ ಇದೆಯಲ್ಲ, ಬ್ರಿಟನ್ನಿನ ಅಣ್ವಸ್ತ್ರ ಹೊತ್ತ ಜಲಾಂತರ್ಗಾಮಿಗಳು ಅಲ್ಲಿಂದ ಹೊರಡುತ್ತವೆ. 1969ರಿಂದ ಒಂದಾದರೂ ಸದಾ ಸಮುದ್ರದಲ್ಲಿ ಇದ್ದೇ ಇದೆ. ತಿಂಗಳುಗಟ್ಟಲೆ ಫೋನಿಲ್ಲ, ಕಾಗದವಿಲ್ಲ. ಮನೆಯವರು ‘ಫ್ಯಾಮಿಲಿಗ್ರಾಮ್’ ಅಂತ ಪುಟ್ಟ ಸಂದೇಶ ಕಳಿಸಬಹುದು, ಒಂದು ಕಾಲಕ್ಕೆ ವಾರಕ್ಕೆ ಬರೀ 40 ಪದ. ಅದನ್ನು ಮೊದಲು ಬೇರೆಯವರು ಓದುತ್ತಾರೆ, ಕೆಟ್ಟ ಸುದ್ದಿ ಇದ್ದರೆ ತಡೆಯುತ್ತಾರೆ. ಗಂಡ ಉತ್ತರ ಕೊಡುವ ಹಾಗೂ ಇಲ್ಲ, ಕೊಟ್ಟರೆ ಎಲ್ಲಿದ್ದಾರೆ ಅಂತ ಗೊತ್ತಾಗಿಬಿಡುತ್ತದೆ.

ಈಗ ಯೋಚನೆ ಮಾಡಿ, ಹೊರಡುವ ಹಿಂದಿನ ರಾತ್ರಿ ಜಗಳ ಆಗಿದೆ. ಅವಳು ಏನು ಬರೆಯಬೇಕು? ಕ್ಷಮೆ ಕೇಳಿದರೆ ಓದುವವರಿಗೆಲ್ಲ ಜಗಳದ ವಿಷಯ ತಿಳಿಯುತ್ತದೆ. ಸುಮ್ನೆ ‘ಎಲ್ಲಾ ಚೆನ್ನಾಗಿದೆ’ ಅಂತ ಬರೆದರೆ ಅವನಿಗೆ ಸುಳ್ಳು ಅಂತ ಗೊತ್ತು.

ನಾನು ಇಂಥ ಧಾರಾವಾಹಿ ಬರೆಯುವುದಾದರೆ ಶುರು ಅಲ್ಲಿಂದಲೇ. ಅಡುಗೆಮನೆ ಮೇಜು, ಇಬ್ಬರು ಹೆಂಗಸರು. ಒಬ್ಬಳು ಬರೆಯುತ್ತಿದ್ದಾಳೆ, ಇನ್ನೊಬ್ಬಳು ಬೆರಳು ಮಡಚಿ ಪದ ಎಣಿಸುತ್ತಿದ್ದಾಳೆ. 38 ಆಯಿತು. ‘ಇನ್ನು ಎರಡೇ ಕಣೇ,’ ಅನ್ನುತ್ತಾಳೆ.

ನಮಸ್ಕಾರ.