ತೊಡಕಿನ ಪುಸ್ತಕಗಳಿಂದ ಟ್ಯಾರೋ ಕಲಿಯುವುದು

ಕೇಳುಗರಿಗೆ ನಮಸ್ಕಾರ.

ಟ್ಯಾರೋ ಎಂದರೆ ಶಕುನ ನೋಡಲು ಬಳಸುವ, ಇಸ್ಪೀಟಿನಂತಹ ಚಿತ್ರದ ಎಲೆಗಳ ಕಟ್ಟು. ಅದನ್ನು ಕಲಿಯಲು ಹೊರಟವರ ಕೈಗೆ ಮೊದಲು ಸಿಗುವುದು ಎಲೆಗಳ ಪೆಟ್ಟಿಗೆಯೊಳಗೇ ಇರುವ ಪುಟ್ಟ ಕೈಪಿಡಿ. ಒಟ್ಟು 78 ಎಲೆಗಳು. ನೆಟ್ಟಗೆ ಬಿದ್ದರೆ ಒಂದು ಅರ್ಥ, ತಲೆಕೆಳಗಾಗಿ ಬಿದ್ದರೆ ಮತ್ತೊಂದು. ಮಗ್ಗಿಯಂತೆ ಅದನ್ನು ಬಾಯಿಪಾಠ ಮಾಡಿದವರು ಇಂಗ್ಲೆಂಡಿನ ಗೂಢವಿದ್ಯೆಯ ಲೇಖಕ ಆರ್ಥರ್ ಎಡ್ವರ್ಡ್ ವೇಟ್ 1911ರಲ್ಲಿ ಪ್ರಕಟಿಸಿದ ‘ದ ಪಿಕ್ಟೋರಿಯಲ್ ಕೀ ಟು ದ ಟ್ಯಾರೋ’ ಗ್ರಂಥವನ್ನು ತೆರೆಯುತ್ತಾರೆ. ಹತ್ತು ಪುಟ ದಾಟುವ ಮೊದಲೇ ಮುಚ್ಚಿಡುವವರು ಅವರಲ್ಲಿ ಕಡಿಮೆಯಿಲ್ಲ. ವಾಕ್ಯಗಳು ಸುತ್ತಿ ಬಳಸಿ ಸಾಗುತ್ತವೆ. ಶಕುನ ಹೇಳುವವರನ್ನು ಹಂಗಿಸಿದ ಲೇಖಕನೇ ಕೊನೆಯ ಭಾಗದಲ್ಲಿ ಹತ್ತು ಎಲೆಗಳನ್ನು ಹರಡಿ ಶಕುನ ನೋಡುವ ಕ್ರಮವನ್ನೂ ಕಲಿಸುತ್ತಾನೆ. ಎಲೆಗಳು ಭವಿಷ್ಯ ನುಡಿಯುತ್ತವೆಂದು ನಾನು ನಂಬಿದವನಲ್ಲ. ಆದರೂ ಟ್ಯಾರೋ ಕಲಿಯುವವರು ಈ ಗ್ರಂಥವನ್ನು ಬಿಡಬಾರದೆಂದೇ ನನ್ನ ಅಭಿಪ್ರಾಯ, ಅದೂ ಅದರ ತೊಡಕಿನ ಕಾರಣಕ್ಕಾಗಿಯೇ.

ಒಂದು ಉದಾಹರಣೆಯನ್ನು ಸ್ವಲ್ಪ ವಿವರವಾಗಿ ನೋಡೋಣ. 22 ತುರುಫು ಎಲೆಗಳಲ್ಲಿ, ಅಂದರೆ ಒಂದೊಂದಕ್ಕೂ ಸ್ವಂತ ಹೆಸರು, ಚಿತ್ರ ಇರುವ ವಿಶೇಷ ಎಲೆಗಳಲ್ಲಿ, ಎಂಟನೆಯದು ನ್ಯಾಯ, ಹನ್ನೊಂದನೆಯದು ಬಲ ಎಂಬುದು ಫ್ರಾನ್ಸಿನ ಹಳೆಯ ಕಟ್ಟುಗಳ ಕ್ರಮ. ಪಮೇಲಾ ಕೋಲ್ಮನ್ ಸ್ಮಿತ್ ಚಿತ್ರ ಬರೆದು 1909ರಲ್ಲಿ ಲಂಡನ್ನಿನಲ್ಲಿ ಹೊರಬಂದ ಕಟ್ಟಿನಲ್ಲಿ ವೇಟ್ ಇವೆರಡನ್ನು ಅದಲುಬದಲು ಮಾಡಿದ. ಗ್ರಂಥದಲ್ಲಿ ಕಾರಣ ಹುಡುಕಿದರೆ, ತನಗೆ ಒಪ್ಪಿಗೆಯಾದ ಕಾರಣಗಳಿವೆ, ಓದುಗರಿಗೆ ಅದರಿಂದ ಆಗಬೇಕಾದದ್ದೇನೂ ಇಲ್ಲವಾದ್ದರಿಂದ ವಿವರಿಸಬೇಕಿಲ್ಲ ಎಂದು ಹೇಳಿ ಮುಂದೆ ಸಾಗುತ್ತಾನೆ. ಇದನ್ನು ಓದಿ ರೇಗದವರು ವಿರಳ. ಆದರೆ ರೇಗಿದವನು ಹುಡುಕಲು ತೊಡಗುತ್ತಾನೆ. 1888ರಲ್ಲಿ ಸ್ಥಾಪನೆಯಾದ ‘ಗೋಲ್ಡನ್ ಡಾನ್’ ಎಂಬ ಗುಪ್ತ ಸಂಘಕ್ಕೆ ವೇಟ್ ಸೇರಿದ್ದ, ಅಲ್ಲಿನ ಪಾಠಗಳನ್ನು ಹೊರಗೆ ಹೇಳುವುದಿಲ್ಲವೆಂದು ಪ್ರಮಾಣ ಮಾಡಿದ್ದ ಎಂಬುದು ಆಗ ತಿಳಿಯುತ್ತದೆ. ಅದೇ ಪರಂಪರೆಗೆ ಮುಂದೆ ಸೇರಿದ ಇಸ್ರೇಲ್ ರಿಗಾರ್ಡಿ 1937ರಿಂದ 1940ರವರೆಗೆ ಅಚ್ಚು ಹಾಕಿಸಿದ ಸಂಘದ ಕಾಗದಪತ್ರಗಳಲ್ಲಿ ಉತ್ತರವಿದೆ. ಸಂಘದವರು 22 ಎಲೆಗಳಿಗೆ ಹೀಬ್ರೂ ಭಾಷೆಯ 22 ಅಕ್ಷರಗಳನ್ನೂ, ಆ ಮೂಲಕ ಹನ್ನೆರಡು ಎಲೆಗಳಿಗೆ ಹನ್ನೆರಡು ರಾಶಿಗಳನ್ನೂ ಸಾಲಾಗಿ ಹೊಂದಿಸಿದ್ದರು. ಹಳೆಯ ಕ್ರಮವನ್ನೇ ಇಟ್ಟುಕೊಂಡರೆ ತಕ್ಕಡಿ ಹಿಡಿದ ನ್ಯಾಯಕ್ಕೆ ಸಿಂಹರಾಶಿಯೂ, ಸಿಂಹದ ಬಾಯಿ ಹಿಡಿದ ಹೆಂಗಸಿನ ಚಿತ್ರವಿರುವ ಬಲಕ್ಕೆ ತುಲಾರಾಶಿಯೂ ಬೀಳುತ್ತವೆ. ಎಲೆಗಳನ್ನು ಬದಲಿಸಿದರೆ ಸಿಂಹಕ್ಕೆ ಸಿಂಹ, ತಕ್ಕಡಿಗೆ ತುಲಾ. ಕಾರಣ ಇಷ್ಟೇ. ಆದರೆ ಇದನ್ನು ಹುಡುಕಿ ಕಂಡುಕೊಂಡವನಿಗೆ ಆ ಎರಡು ಎಲೆಗಳು ಮತ್ತೆ ಮರೆಯುವುದಿಲ್ಲ.

ಉಳಿದ ಎಲೆಗಳು ಇಸ್ಪೀಟಿನಂತೆ ಕೋಲು, ಬಟ್ಟಲು, ಕತ್ತಿ, ನಾಣ್ಯ ಎಂಬ ನಾಲ್ಕು ಬಣ್ಣಗಳಲ್ಲಿ ಬರುತ್ತವೆ. ಅವುಗಳ ಅಂಕಿಯ ಎಲೆಗಳಲ್ಲಿ ತೊಡಕು ಬೇರೆ ಬಗೆಯದು. ಬಟ್ಟಲುಗಳ ಎಂಟನೆಯ ಎಲೆಯಲ್ಲಿ ಒಬ್ಬ ಮನುಷ್ಯ ಕೋಲು ಹಿಡಿದು, ಜೋಡಿಸಿಟ್ಟ ಎಂಟು ಬಟ್ಟಲುಗಳಿಗೆ ಬೆನ್ನು ಮಾಡಿ, ಚಂದ್ರನ ಕೆಳಗೆ ನಡೆದು ಹೋಗುತ್ತಿದ್ದಾನೆ. ಚಿತ್ರವೇ ತನ್ನ ಅರ್ಥವನ್ನು ಹೇಳುತ್ತದೆಂದು ವೇಟ್ ಬರೆಯುತ್ತಾನೆ. ಆದರೆ ಇದಕ್ಕೆ ತೀರ ವಿರುದ್ಧವಾಗಿ ಸಂತೋಷ, ಸೌಮ್ಯತೆ, ವಿನಯ ಎಂದು ಹೇಳುವವರೂ ಇದ್ದಾರೆಂದು ಸೇರಿಸಿ ಎರಡನ್ನೂ ಹಾಗೆಯೇ ಬಿಡುತ್ತಾನೆ. ಪುಟ್ಟ ಕೈಪಿಡಿಯಲ್ಲಿ ‘ತೊರೆದು ಹೋಗುವುದು’ ಎಂಬ ಒಂದೇ ಮಾತು ಉಳಿದಿರುತ್ತದೆ. ಫ್ರಾನ್ಸಿನಲ್ಲಿ ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಎತೇಯಾ ಎಂಬ ಹೆಸರಿನ ಶಕುನಗಾರ ಆರಂಭಿಸಿದ ಅರ್ಥಪಟ್ಟಿಗಳದು ಒಂದು ಧಾರೆ, ಲಂಡನ್ನಿನ ಗುಪ್ತ ಸಂಘದ್ದು ಇನ್ನೊಂದು. ಅವೆರಡನ್ನು ಬೆಸೆದ ಗೆರೆ ಕಾಣಿಸುವುದು ಇಂತಹ ವಿರೋಧಗಳಲ್ಲಿಯೇ.

ವೇಟ್ ಮುಚ್ಚಿಟ್ಟ ಮತ್ತೊಂದು ಲೆಕ್ಕವನ್ನು ಅದೇ ಸಂಘದಲ್ಲಿದ್ದ ಅಲಿಸ್ಟರ್ ಕ್ರೌಲಿ 1944ರಲ್ಲಿ ‘ದ ಬುಕ್ ಆಫ್ ಥಾತ್’ನಲ್ಲಿ ಬಿಚ್ಚಿಟ್ಟಿದ್ದಾನೆ. ಎರಡರಿಂದ ಹತ್ತರವರೆಗಿನ ಎಲೆಗಳು ನಾಲ್ಕು ಬಣ್ಣಗಳಲ್ಲಿ ಸೇರಿ 36. ರಾಶಿಚಕ್ರವನ್ನು ಹತ್ತು ಹತ್ತು ಅಂಶಗಳಾಗಿ ಭಾಗಿಸಿದರೂ 36. ನಮ್ಮ ಜ್ಯೋತಿಷ್ಯ ಬಲ್ಲವರು ಇವು ದ್ರೇಕ್ಕಾಣಗಳೆಂದು ಕೂಡಲೇ ಗುರುತಿಸುತ್ತಾರೆ. ವರಾಹಮಿಹಿರನ ಬೃಹಜ್ಜಾತಕದಲ್ಲಿ ಮೂವತ್ತಾರು ದ್ರೇಕ್ಕಾಣಗಳ ರೂಪವರ್ಣನೆಗೆ ಒಂದು ಅಧ್ಯಾಯವೇ ಇದೆ. ಅಧಿಪತಿಗಳು ಮಾತ್ರ ಪೂರ್ತಿ ಹೊಂದುವುದಿಲ್ಲ: ಮೇಷಕ್ಕೆ ನಮ್ಮಲ್ಲಿ ಕುಜ, ರವಿ, ಗುರು, ಟ್ಯಾರೋದಲ್ಲಿ ಕುಜ, ರವಿ, ಶುಕ್ರ. ಇದರಿಂದ ಟ್ಯಾರೋ ಭಾರತದಿಂದ ಹೋಯಿತೆಂದು ಹೆಮ್ಮೆಪಡಲು ಹೊರಡಬಾರದು. ಹದಿನೈದನೆಯ ಶತಮಾನದ ಉತ್ತರ ಇಟಲಿಯಲ್ಲಿ ಅದು ಹುಟ್ಟಿದ್ದು ಇಸ್ಪೀಟಿನಂತೆಯೇ ಒಂದು ಆಟವಾಗಿ. ರಾಶಿ, ಅಕ್ಷರಗಳೆಲ್ಲ ಬಹಳ ತಡವಾಗಿ ಬಂದು ಸೇರಿದವು.

ಹಳೆಯ ಗ್ರಂಥಗಳನ್ನು ನಂಬಬಾರದ ಜಾಗವೂ ಇದೇ. ಟ್ಯಾರೋ ಈಜಿಪ್ಟಿನ ಪುರೋಹಿತರ ಗ್ರಂಥವೆಂದು ಫ್ರಾನ್ಸಿನ ವಿದ್ವಾಂಸ ಕೂರ್ ದ ಜೆಬಲಾಂ 1781ರಲ್ಲಿ ಬರೆದಾಗ ಈಜಿಪ್ಟಿನ ಚಿತ್ರಲಿಪಿಯನ್ನು ಓದಬಲ್ಲವರೇ ಇರಲಿಲ್ಲ. ಶಾಂಪೋಲಿಯನ್ ಅದನ್ನು ಬಿಡಿಸಿದ್ದು 1822ರಲ್ಲಿ. ವೇಟ್ ಈ ಕಥೆಯನ್ನು ಒಪ್ಪಲಿಲ್ಲವೆಂಬುದು ಅವನ ಹೆಚ್ಚುಗಾರಿಕೆ. ಚರಿತ್ರೆ ಬೇಕಾದವರು ತತ್ತ್ವಶಾಸ್ತ್ರಜ್ಞ ಮೈಕೇಲ್ ಡಮ್ಮೆಟ್ 1980ರಲ್ಲಿ ಪ್ರಕಟಿಸಿದ ದೊಡ್ಡ ಗ್ರಂಥವನ್ನು ನೋಡಬೇಕು.

ಓದುವ ಕ್ರಮದ ಬಗ್ಗೆ ಒಂದೆರಡು ಮಾತು. ವೇಟ್‌ನನ್ನು ಮೊದಲ ಪುಟದಿಂದ ಓದಬೇಡಿ. ಒಂದು ಎಲೆಯನ್ನು ಮುಂದಿಟ್ಟುಕೊಂಡು, ಕಂಡದ್ದನ್ನು ನಿಮ್ಮ ಮಾತಿನಲ್ಲೇ ಬರೆದುಕೊಂಡು, ಆಮೇಲೆ ಆ ಎಲೆಯ ಪುಟವನ್ನು ಮಾತ್ರ ತೆರೆಯಿರಿ. ಕ್ರೌಲಿಯನ್ನು ಒಂದು ವರ್ಷ ದೂರವಿಡುವುದು ಒಳ್ಳೆಯದು. ಅವನ ಮಾತಿನಲ್ಲಿ ಎಲ್ಲಿ ಕುಚೋದ್ಯ, ಎಲ್ಲಿ ಗಾಂಭೀರ್ಯ ಎಂದು ತಿಳಿಯಲು ಅಷ್ಟು ಸಿದ್ಧತೆ ಬೇಕು. ಯಾವ ಎಲೆಯಿಂದ ತೊಡಗಬೇಕೆಂದು ಕೇಳುವವರಿಗೆ ನಾನು ಮರುಳನ ಎಲೆಯನ್ನು ಹೇಳುತ್ತೇನೆ. ಅದರ ಸಂಖ್ಯೆ ಸೊನ್ನೆ, ಸಂಘದ ಲೆಕ್ಕದಲ್ಲಿ ಅದರದು ಮೊದಲ ಸ್ಥಾನ. ಆದರೆ ವೇಟ್‌ನ ಗ್ರಂಥದಲ್ಲಿ ಅದನ್ನು ಇಪ್ಪತ್ತನೆಯ ಮತ್ತು ಇಪ್ಪತ್ತೊಂದನೆಯ ಎಲೆಗಳ ನಡುವೆ, ಫ್ರಾನ್ಸಿನ ಗೂಢವಿದ್ಯೆಯ ಲೇಖಕ ಎಲಿಫಾಸ್ ಲೆವಿ ಇಟ್ಟ ಜಾಗದಲ್ಲಿ, ಹುಡುಕಿಕೊಳ್ಳಬೇಕು.

ನಮಸ್ಕಾರ.