ಗಲ್ಲಾಪೆಟ್ಟಿಗೆಯ ಅಜ್ಜನಿಗೆ ಹೊಸ ದನಿ

ಕೇಳುಗರಿಗೆ ನಮಸ್ಕಾರ. ಬಾನುಲಿ ನಾಟಕದ ಪಾತ್ರವೊಂದಕ್ಕೆ ದನಿ ಕೊಡುವವರು ಬದಲಾದರೆ ಆ ಪಾತ್ರದ ಗತಿಯೇನು ಎಂಬುದು ಇಂದಿನ ಮಾತು.

ಇಂಗ್ಲೆಂಡಿನ ಬಿಬಿಸಿ ಬಾನುಲಿಯಲ್ಲಿ ‘ದಿ ಆರ್ಚರ್ಸ್’ ಎಂಬ ಧಾರಾವಾಹಿಯೊಂದಿದೆ. 1951ರ ಜನವರಿ 1ರಂದು ದೇಶದಾದ್ಯಂತ ಪ್ರಸಾರಕ್ಕೆ ಬಂದದ್ದು ಇಂದಿಗೂ ನಿಂತಿಲ್ಲ. ಆಂಬ್ರಿಜ್ ಎಂಬ ಕಲ್ಪಿತ ಹಳ್ಳಿ, ಅಲ್ಲೊಂದು ರೈತ ಕುಟುಂಬ, ಹಾಲು, ಹಂದಿ, ಮಳೆ, ಮದುವೆ, ಜಗಳ. ಯುದ್ಧ ಮುಗಿದು ಆಹಾರದ ಕೊರತೆ ಇದ್ದ ಕಾಲ ಅದು. ರೈತರಿಗೆ ಹೊಸ ಬೇಸಾಯದ ಸಂಗತಿಗಳನ್ನು ಕತೆಯ ಜೊತೆಗೆ ದಾಟಿಸುವುದು ಮೊದಲ ಉದ್ದೇಶವಾಗಿತ್ತು. ಆಮೇಲೆ ಉದ್ದೇಶ ಹಿಂದೆ ಸರಿಯಿತು, ಕತೆ ಉಳಿಯಿತು.

ಆ ಮನೆಯ ಯಜಮಾನ ಡ್ಯಾನ್ ಆರ್ಚರ್. ಅವನಿಗೆ ಮೊದಲು ದನಿ ಕೊಟ್ಟವರು ಹ್ಯಾರಿ ಓಕ್ಸ್. 1961ರಲ್ಲಿ ಮಾಂಟಿ ಕ್ರಿಕ್ ಬಂದರು, 1969ರಲ್ಲಿ ಎಡ್ಗರ್ ಹ್ಯಾರಿಸನ್, 1982ರಲ್ಲಿ ಫ್ರ್ಯಾಂಕ್ ಮಿಡಲ್‌ಮಾಸ್. 1986ರಲ್ಲಿ ಕತೆಯೊಳಗೆ ಡ್ಯಾನ್ ತೀರಿಕೊಂಡಾಗ, ಆ ಒಂದು ಬಾಳನ್ನು ನಾಲ್ಕು ಮಂದಿ ಸಾಗಿಸಿ ಆಗಿತ್ತು. ಮಗ ಫಿಲ್‌ನ ವಿಚಾರ ಹಾಗಲ್ಲ. ನಾರ್ಮನ್ ಪೇಂಟಿಂಗ್ ಎಂಬ ಒಬ್ಬರೇ ನಟರು 1950ರ ಪ್ರಾಯೋಗಿಕ ಕಂತುಗಳಿಂದ ಹಿಡಿದು 2009ರಲ್ಲಿ ಕಣ್ಣು ಮುಚ್ಚುವವರೆಗೆ ಆ ಪಾತ್ರವನ್ನು ಬಿಟ್ಟುಕೊಡಲಿಲ್ಲ. ಸೊಸೆ ಪೆಗ್ಗಿಯದು ಇನ್ನೊಂದು ಬಗೆ. ಜೂನ್ ಸ್ಪೆನ್ಸರ್ 1953ರಲ್ಲಿ ಬಿಟ್ಟು ಹೋದರು, ಥೆಲ್ಮಾ ರಾಜರ್ಸ್ ಆ ಜಾಗಕ್ಕೆ ಬಂದರು, ಹೋಗಿದ್ದ ಸ್ಪೆನ್ಸರ್ ಅವರೇ 1962ರಲ್ಲಿ ತಿರುಗಿ ಬಂದು 2022ರವರೆಗೆ ಪೆಗ್ಗಿಯಾಗಿಯೇ ಮಾತಾಡಿದರು. ನಿವೃತ್ತರಾಗುವಾಗ ಅವರಿಗೆ 103 ವರ್ಷ. ನಮ್ಮಲ್ಲಿ ಆ ವಯಸ್ಸಿನವರು ಮಾತಾಡಿದರೆ ಅದೇ ಸುದ್ದಿ. ಅವರು ಸಂಭಾಷಣೆ ಓದುತ್ತಿದ್ದರು.

ಇಷ್ಟು ಇಸವಿಗಳನ್ನು ಮುಂಬಯಿಯ ಕನ್ನಡಿಗನೊಬ್ಬ ಬಾಯಿಪಾಠ ಮಾಡಿಕೊಳ್ಳಲು ಕಾರಣವಿದೆ. ಮಾಟುಂಗದ ಸುತ್ತಮುತ್ತಲಿನ ನಾವು ಕೆಲವರು ಸೇರಿ ಬಹಳ ಕಾಲದಿಂದ ಒಂದು ಕನ್ನಡ ಧ್ವನಿನಾಟಕವನ್ನು ಕಂತುಕಂತಾಗಿ ಮಾಡುತ್ತಿದ್ದೇವೆ. ಮೊದಲು ಸಂಘದ ಕಾರ್ಯಕ್ರಮಗಳಲ್ಲಿ ಕೇಳಿಸುತ್ತಿದ್ದೆವು, ಈಗ ಮೊಬೈಲಿನಲ್ಲಿ ಕಳುಹಿಸುತ್ತೇವೆ. ಕತೆ ನಡೆಯುವುದು ಕಿಂಗ್ಸ್ ಸರ್ಕಲ್ ಕಡೆಯ ಒಂದು ಉಡುಪಿ ಹೋಟೆಲಿನಲ್ಲಿ. ಅದರ ಕೇಂದ್ರದಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತ ಒಬ್ಬ ಅಜ್ಜ. ಕುಂದಾಪುರದ ಕಡೆಯಿಂದ ಹುಡುಗನಾಗಿದ್ದಾಗ ಬಂದು, ಹಗಲು ಲೋಟ ತೊಳೆದು, ಸಂಜೆ ಕನ್ನಡ ರಾತ್ರಿಶಾಲೆಗೆ ಹೋಗಿ ಮೇಲೆ ಬಂದವನು. ಇಂಥ ಅಜ್ಜಂದಿರನ್ನು ಈ ಊರಿನಲ್ಲಿ ಯಾರೂ ಕಲ್ಪಿಸಿಕೊಳ್ಳಬೇಕಿಲ್ಲ, ಚಿಲ್ಲರೆ ಕೊಟ್ಟು ನೋಡಿದರೆ ಸಾಕು. ಆ ಪಾತ್ರ ಮಾಡುತ್ತಿದ್ದ ಹಿರಿಯರು ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದವರು. ವಯಸ್ಸಾಯಿತು, ಕಿವಿ ಮಂದವಾಯಿತು, ಮಗಳ ಮನೆಗೆಂದು ಊರಿಗೆ ಹೊರಟರು. ‘ನನ್ನನ್ನು ಬಿಡಿ, ಅಜ್ಜನನ್ನು ಬಿಡಬೇಡಿ’ ಎಂದು ಅವರೇ ಹೇಳಿದರು.

ಹೇಳುವುದು ಸುಲಭ. ನಮ್ಮ ಸಭೆಯಲ್ಲಿ ಮೂರು ಪಕ್ಷಗಳಾದವು. ಅಜ್ಜನನ್ನೂ ಊರಿಗೆ ಕಳುಹಿಸಿಬಿಡೋಣ ಎಂದವರು ಕೆಲವರು. ಸಾಯಿಸಿಬಿಡೋಣ, ಒಂದು ಒಳ್ಳೆಯ ಕಂತಾಗುತ್ತದೆ ಎಂದ ನಿರ್ದಯಿಗಳೂ ಇದ್ದರು. ಬೇರೆ ನಟರನ್ನು ಹುಡುಕೋಣ ಎಂದವನು ನಾನು. ಆಗ ಒಬ್ಬರು ತಾಳಮದ್ದಳೆಯ ಮಾತೆತ್ತಿದರು.

ಆ ಮಾತು ಯೋಚಿಸುವಂಥದ್ದೇ. ಯಕ್ಷಗಾನದ ರಂಗಸ್ಥಳದಲ್ಲಿ ಪೂರ್ವಾರ್ಧಕ್ಕೊಬ್ಬ ಕೃಷ್ಣ, ಉತ್ತರಾರ್ಧಕ್ಕೊಬ್ಬ ಕೃಷ್ಣ ಬರುವುದುಂಟು, ಪ್ರೇಕ್ಷಕರು ತಕರಾರಿಲ್ಲದೆ ಒಪ್ಪುತ್ತಾರೆ. ಕಿರೀಟವಿದೆ, ಬಣ್ಣವಿದೆ, ಗುರುತು ಸಿಗುತ್ತದೆ. ಆದರೆ ತಾಳಮದ್ದಳೆಯಲ್ಲಿ ವೇಷವೇ ಇಲ್ಲ. ಅರ್ಥಧಾರಿಗಳು ಶಾಲು ಹೊದ್ದು ಸಾಲಾಗಿ ಕುಳಿತು ಮಾತಾಡುತ್ತಾರೆ. ಬಾನುಲಿ ನಾಟಕಕ್ಕೆ ಅದಕ್ಕಿಂತ ಹತ್ತಿರದ ನೆಂಟ ಇನ್ನೊಂದಿಲ್ಲ. ಅಲ್ಲಿಯೂ ಇಂದು ಒಬ್ಬರು ಕರ್ಣ, ನಾಳೆ ಇನ್ನೊಬ್ಬರು ಕರ್ಣ. ಯಾರೂ ಮುನಿಸಿಕೊಳ್ಳುವುದಿಲ್ಲ. ಈ ಕರ್ಣ ಏನು ಹೇಳುತ್ತಾನೆ ಕೇಳೋಣ ಎಂದು ಮತ್ತಷ್ಟು ಮುಂದೆ ಸರಿದು ಕೂರುತ್ತಾರೆ. ಹಾಗಿದ್ದರೆ ನಮ್ಮ ಅಜ್ಜನಿಗೆ ಮಾತ್ರ ಏಕೆ ಈ ಕಷ್ಟ?

ಕರ್ಣ ಯಾರ ಕಂಠಕ್ಕೂ ಕಾಯದೆ ಮೊದಲೇ ಇದ್ದವನು. ಅವನ ಹುಟ್ಟು, ದಾನ, ರಥದ ಚಕ್ರ ಎಲ್ಲವೂ ಕೇಳುಗನ ತಲೆಯಲ್ಲಿ ಸಿದ್ಧವಾಗಿವೆ. ಅರ್ಥಧಾರಿ ಅದರೊಳಗೆ ಬಂದು ಕೂರುತ್ತಾನೆ. ನಮ್ಮ ಗಲ್ಲಾದ ಅಜ್ಜ ಒಂದು ಗಂಟಲಿನಿಂದಲೇ ಹುಟ್ಟಿದವನು. ಬರೆದವರು ನಾಲ್ಕು ಸಾಲು ಬರೆದಿದ್ದರು, ಆ ಹಿರಿಯರು ಕೆಮ್ಮಿ, ಎಳೆದು, ನಡುವೆ ನಾಣ್ಯ ಎಣಿಸಿ ಅವನನ್ನು ಮನುಷ್ಯನನ್ನಾಗಿ ಮಾಡಿದರು. ಇಂಥ ಪಾತ್ರ ಆ ದನಿಯನ್ನು ಬಿಟ್ಟು ಬದುಕಬಲ್ಲುದೇ ಎಂಬುದು ಇನ್ನೊಬ್ಬರ ಬಾಯಿಂದ ಮಾತಾಡಿಸಿ ನೋಡಿದ ಮೇಲೆಯೇ ತಿಳಿಯುವುದು. ಡ್ಯಾನ್ ಆರ್ಚರ್ ಬದುಕಿದ.

ದನಿ ಮನುಷ್ಯನಿಗೆ ಹೇಗೆ ಅಂಟಿಕೊಳ್ಳುತ್ತದೆ ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಬೆಂಗಳೂರಿನಲ್ಲಿ ಬಾನುಲಿ ಕಲಾವಿದ ಎ. ಎಸ್. ಮೂರ್ತಿಯವರು ‘ಆಕಾಶವಾಣಿ ಈರಣ್ಣ’ ಎಂದೇ ಪ್ರಸಿದ್ಧರಾದರು. ಇಲ್ಲಿ ನಮ್ಮ ಮರಾಠಿ ನೆರೆಹೊರೆಯವರ ಮನೆಗಳಲ್ಲಿ ಮುಂಬಯಿ ಆಕಾಶವಾಣಿಯ ‘ಪ್ರಪಂಚ’ ಕಾರ್ಯಕ್ರಮದ ಟೇಕಾಡೆ ಭಾವೋಜಿ ಇದ್ದರು. ಆ ಪಾತ್ರಕ್ಕೆ ದನಿಯಾದ ಬಾಳ್ ಕುಡತರ್ಕರ್ ಎಂದರೆ ಕಣ್ಣರಳಿಸದ ಹಿರಿಯರು ಟೇಕಾಡೆ ಭಾವೋಜಿ ಎಂದೊಡನೆ ನಗುತ್ತಾರೆ. ಮೀನಾ ವಹಿನಿಯಾಗಿ ನೀಲಂ ಪ್ರಭು, ಪಂತರಾಗಿ ಪ್ರಭಾಕರ ಜೋಶಿ. ಆ ಮೂವರಲ್ಲಿ ಒಬ್ಬರನ್ನು ಬದಲಿಸಿದ್ದರೆ ದಾದರಿನಲ್ಲಿ ಮೆರವಣಿಗೆ ಹೊರಡುತ್ತಿತ್ತು ಎಂದು ನನ್ನ ಗುಮಾನಿ.

ಇದೇ ಊರಿನ ಮತ್ತೊಂದು ಪ್ರಸಂಗ ನಾಟಕದ್ದಲ್ಲ, ಆದರೂ ನೆನೆಯಬೇಕು. ಬಾನುಲಿಯಲ್ಲಿ ಬೋರ್ನ್‌ವಿಟಾ ರಸಪ್ರಶ್ನೆ ಕಾರ್ಯಕ್ರಮವನ್ನು ನಡೆಸುತ್ತಿದ್ದ ಹಮೀದ್ ಸಯಾನಿ 1975ರಲ್ಲಿ ತೀರಿಕೊಂಡರು. ಅದನ್ನು ಮುಂದುವರಿಸಿದವರು ಅವರ ತಮ್ಮ ಅಮೀನ್ ಸಯಾನಿ. ಅಣ್ಣನ ಇಂಗ್ಲಿಷಿಗೂ ತಮ್ಮನ ಹಿಂದೂಸ್ತಾನಿ ಸವಿಗೂ ವ್ಯತ್ಯಾಸ ಎಷ್ಟೋ. ತಮ್ಮನಾದವರು ಅಣ್ಣನ ಅನುಕರಣೆಗೆ ಇಳಿಯಲಿಲ್ಲ, ಕಾರ್ಯಕ್ರಮ ಮುಂದೆ ಸಾಗಿತು.

ಅನುಕರಣೆಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಎಲ್ಲರೂ ಎಡವುವುದು ಅಲ್ಲಿಯೇ. ನಾವು ಧ್ವನಿಪರೀಕ್ಷೆ ಇಟ್ಟಾಗ ಡೊಂಬಿವಲಿ, ಭಾಂಡುಪ್, ವಾಶಿ ಕಡೆಗಳಿಂದ ನಟರು ಬಂದರು. ಅವರಲ್ಲಿ ಒಬ್ಬ ಯುವಕ ಹಳೆಯ ಅಜ್ಜನನ್ನು ಯಥಾವತ್ತಾಗಿ ಒಪ್ಪಿಸಿದ. ಕಣ್ಣು ಮುಚ್ಚಿ ಕೇಳಿದರೆ ಅವರೇ. ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಹಿಂದೆಂದೂ ಬರದ ಒಂದು ಸನ್ನಿವೇಶವನ್ನು ಕೊಟ್ಟೆವು: ಹಳೆಯ ಮಾಣಿಯೊಬ್ಬ ಈಗ ಕಾರಿನಲ್ಲಿ ಬಂದು ಅಜ್ಜನ ಹೋಟೆಲನ್ನೇ ಕೊಳ್ಳುವ ಮಾತಾಡುತ್ತಾನೆ. ಯುವಕ ತಬ್ಬಿಬ್ಬಾದ. ಅಜ್ಜ ಈ ಹಿಂದೆ ಹೇಳಿದ್ದನ್ನು ಹೇಳುವುದು ಅವನಿಗೆ ಗೊತ್ತು, ಹೇಳದೇ ಇದ್ದದ್ದನ್ನು ಅಜ್ಜ ಹೇಗೆ ಹೇಳಿಯಾನು ಎಂಬುದು ಗೊತ್ತಿರಲಿಲ್ಲ. ಧಾರಾವಾಹಿಯಲ್ಲಿ ಪ್ರತಿ ಕಂತೂ ಹೇಳದೇ ಇದ್ದದ್ದೇ ಆಗಿರುತ್ತದೆ.

ಅನುಕರಣೆ ಎಲ್ಲೆಡೆ ವ್ಯರ್ಥ ಎಂದಲ್ಲ. ಅದೇ ಆರ್ಚರ್ಸ್‌ನಲ್ಲಿ ವಾಲ್ಟರ್ ಗೇಬ್ರಿಯಲ್ ಎಂಬ ಒಡಕು ದನಿಯ ಮುದುಕನಿದ್ದ. ‘ನನ್ನ ಹಳೇ ಗೆಳೆಯಾ’ ಎಂಬರ್ಥದ ಒಂದು ಪಲ್ಲವಿ ಅವನ ಬಾಯಲ್ಲಿ ಸದಾ ಇರುತ್ತಿತ್ತು. ಆ ಪಾತ್ರ ಮಾಡುತ್ತಿದ್ದ ರಾಬರ್ಟ್ ಮಾಡ್ಸ್‌ಲಿ 1953ರಲ್ಲಿ ನಿಧನರಾದ ಮೇಲೆ ಕ್ರಿಸ್ ಗಿಟಿನ್ಸ್ ಬಂದು 1988ರವರೆಗೆ ಅವನಿಗೆ ದನಿಯಾದರು. ಒಡಕೇ ಪಾತ್ರದ ಗುರುತಾಗಿರುವಲ್ಲಿ ಒಡಕನ್ನು ಉಳಿಸಿಕೊಳ್ಳಲೇಬೇಕು. ಪ್ರತಿಯೊಂದು ಪಾತ್ರದಲ್ಲಿ ಹೀಗೆ ತೆಗೆಯಲಾಗದ್ದು ಯಾವುದು, ಕೇವಲ ನಟನ ಅಭ್ಯಾಸವಾಗಿದ್ದದ್ದು ಯಾವುದು ಎಂದು ಬೇರ್ಪಡಿಸಿ ನೋಡುವುದೇ ನಿರ್ದೇಶಕನ ಕೆಲಸ. ನಮ್ಮ ಅಜ್ಜನಲ್ಲಿ ತೆಗೆಯಲಾಗದ್ದು ಎರಡು. ಒಂದು, ಉತ್ತರ ಕೊಡುವ ಮೊದಲು ಎದುರಿನವರನ್ನು ಸ್ವಲ್ಪ ಕಾಯಿಸುವುದು. ಇನ್ನೊಂದು, ಕರಾವಳಿಯ ಕನ್ನಡದ ಲಯ. ಎರಡನೆಯದರ ವಿಷಯದಲ್ಲಿ ಮುಂಬಯಿಯ ಕೇಳುಗರಿಗೆ ಮೋಸ ಮಾಡುವುದು ಅಸಾಧ್ಯ. ಇಲ್ಲಿ ಉಡುಪಿಯವರೂ ಇದ್ದಾರೆ, ಧಾರವಾಡದವರೂ ಇದ್ದಾರೆ. ‘ಹೌದು’ ಎನ್ನುವ ಒಂದೇ ಮಾತಿನಲ್ಲಿ ನಟ ಘಟ್ಟದ ಮೇಲಿನವನೋ ಕೆಳಗಿನವನೋ ಎಂದು ಹೇಳಿಬಿಡುತ್ತಾರೆ. ಧಾರವಾಡದ ಕಡೆಯ ಒಬ್ಬ ಅತ್ಯುತ್ತಮ ನಟರನ್ನು ನಾವು ಕೈಬಿಟ್ಟದ್ದು ಈ ಕಾರಣಕ್ಕೆ. ಅವರಿಗೆ ಬೇಸರವಾಯಿತು, ಆಗಲೇಬೇಕು.

ಕೊನೆಗೆ ಆಯ್ಕೆಯಾದವರ ಕಂಠ ಹಳೆಯವರಿಗಿಂತ ಸ್ಪಷ್ಟವಾಗಿ ತೆಳು. ಇದನ್ನು ಮುಚ್ಚಿಡುವುದು ಹೇಗೆ ಎಂದು ಧ್ವನಿಮುದ್ರಣದವರು ಚಿಂತಿಸಿದರು. ಮಧ್ಯಮ ತರಂಗದ (ಮೀಡಿಯಂ ವೇವ್) ಕಾಲವಾಗಿದ್ದರೆ ಅರ್ಧ ಕೆಲಸವನ್ನು ರೇಡಿಯೊ ಪೆಟ್ಟಿಗೆಯೇ ಮಾಡುತ್ತಿತ್ತು. ಭಾರತದಲ್ಲಿ ಮಧ್ಯಮ ತರಂಗದ ಕೇಂದ್ರಗಳ ನಡುವೆ 9 ಕಿಲೋಹರ್ಟ್ಸ್ ಅಂತರ. ಹಾಗಾಗಿ ಅದರ ಅರ್ಧ, ಅಂದರೆ ಸುಮಾರು ನಾಲ್ಕೂವರೆ ಕಿಲೋಹರ್ಟ್ಸ್‌ಗಿಂತ ಮೇಲಿನ ಸದ್ದೆಲ್ಲ ಹೆಚ್ಚುಕಡಿಮೆ ಕತ್ತರಿಸಿ ಹೋಗುತ್ತದೆ. ಸಕಾರ ಶಕಾರಗಳ ಚೂಪು, ಉಸಿರಿನ ಒರಟು, ತುಟಿಯ ಸಣ್ಣ ಸದ್ದು ಇರುವುದು ಬಹುಪಾಲು ಅದರ ಮೇಲೆ. ಎಫ್‌ಎಂ ಬಂದು 15 ಕಿಲೋಹರ್ಟ್ಸ್‌ವರೆಗೆ ಬಾಗಿಲು ತೆರೆಯಿತು. ಈಗಂತೂ ಚರ್ಚ್‌ಗೇಟ್ ಲೋಕಲ್ಲಿನಲ್ಲಿ ನಿಂತವನ ಕಿವಿಯೊಳಗೇ ಇಯರ್‌ಫೋನ್ ಇದೆ. ಅಜ್ಜನ ಹಲ್ಲುಸೆಟ್ಟು ಬದಲಾದರೂ ಅವನಿಗೆ ತಿಳಿಯುತ್ತದೆ. ಹಿಂದಿನವರು ನಟರನ್ನು ಸಲೀಸಾಗಿ ಬದಲಾಯಿಸಿದರು ಎನ್ನುವಾಗ ಆ ಪೆಟ್ಟಿಗೆಗಳ ಉಪಕಾರವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಹಾಗಾಗಿ ನಾವು ಮುಚ್ಚಿಡುವ ಯೋಚನೆಯನ್ನೇ ಬಿಟ್ಟೆವು. ಅಜ್ಜನಿಗೆ ಶೀತವಾಗಿದೆ, ಗಂಟಲಿನ ಶಸ್ತ್ರಚಿಕಿತ್ಸೆಯಾಗಿದೆ ಎಂದು ಕತೆಯಲ್ಲಿ ನೆಪ ಹುಡುಕುವವರಿದ್ದಾರೆ. ನನಗೆ ಅದು ಕೇಳುಗರ ಬುದ್ಧಿಗೆ ಮಾಡುವ ಅವಮಾನವೆನಿಸುತ್ತದೆ. ಶೀತ ಎಷ್ಟು ಕಂತು ಇರಲು ಸಾಧ್ಯ? ನಾವು ಮಾಡಿದ್ದು ಬೇರೆ. ಹೊಸ ದನಿಯ ಮೊದಲ ಕಂತಿನಲ್ಲಿ ಅಜ್ಜನಿಗೆ ಉದ್ದನೆಯ ಮಾತುಗಳನ್ನು ಕೊಡಲಿಲ್ಲ. ಬೆಳಗಿನ ಗಡಿಬಿಡಿ, ಲೋಟಗಳ ಸದ್ದು, ಗಲ್ಲಾಪೆಟ್ಟಿಗೆಯ ಖಾನೆ ಎಳೆದದ್ದು, ಮೇಜಿನ ಗಂಟೆ. ಈ ಸದ್ದುಗಳು ಹಳೆಯವೇ, ಕೇಳುಗರ ಕಿವಿಗೆ ಚಿರಪರಿಚಿತ. ಅವುಗಳ ನಡುವೆ ಅಜ್ಜ ‘ಚಿಲ್ಲರೆ ಉಂಟೋ?’ ಎನ್ನುತ್ತಾನೆ, ಅಷ್ಟೇ. ಆಮೇಲೆ ಅಜ್ಜಿ ಒಳಗಿನಿಂದ ಬಂದು ಎಂದಿನ ಹಾಗೆ ಬೈಯುತ್ತಾಳೆ.

ನನ್ನ ಮಟ್ಟಿಗೆ ಇಡೀ ವಿಷಯದ ಗುಟ್ಟು ಆ ಅಜ್ಜಿಯಲ್ಲಿದೆ. ಕಣ್ಣಿಲ್ಲದ ನಾಟಕದಲ್ಲಿ ಒಬ್ಬ ಯಾರು ಎಂಬುದನ್ನು ಉಳಿದವರು ಅವನೊಡನೆ ಮಾತಾಡುವ ರೀತಿ ಹೇಳುತ್ತದೆ. ಐವತ್ತು ವರ್ಷ ಸಂಸಾರ ಮಾಡಿದವಳು ಒಂದಿಷ್ಟೂ ಅನುಮಾನವಿಲ್ಲದೆ ಗಂಡನನ್ನು ಗದರಿದರೆ, ಅವನು ಅವಳ ಗಂಡನಲ್ಲ ಎನ್ನಲು ಕೇಳುಗ ಯಾರು? ಆದರೆ ಇಲ್ಲೊಂದು ತೊಡಕು ಬಂತು. ಅಜ್ಜಿಯ ಪಾತ್ರ ಮಾಡುವವರು ಹೊಸ ನಟರೊಡನೆ ಅತಿ ವಿನಯದಿಂದ ಮಾತಾಡತೊಡಗಿದರು. ಪಾಪ, ಹೊಸಬರು, ನೊಂದುಕೊಂಡಾರು ಎಂಬ ದಾಕ್ಷಿಣ್ಯ. ಅಂಧೇರಿಯ ಬಾಡಿಗೆ ಸ್ಟುಡಿಯೊದಲ್ಲಿ ಗಂಟೆಯ ಲೆಕ್ಕಕ್ಕೆ ಹಣ ಹೋಗುತ್ತಿತ್ತು, ಅಜ್ಜಿ ಗಂಡನಿಗೆ ಅತಿಥಿಯಂತೆ ಕಾಫಿ ಕೊಡುತ್ತಿದ್ದರು. ಒಂದು ವಿರಾಮದಲ್ಲಿ ಹೊಸ ನಟರು ಅಜ್ಜಿಯ ಪಾತ್ರದವರ ಪೂರಿಯ ಡಬ್ಬಿಯಿಂದ ಕೇಳದೆ ಎರಡು ತೆಗೆದು ತಿಂದರು. ಆಮೇಲಿನ ದೃಶ್ಯದಲ್ಲಿ ಬಂದ ಬೈಗುಳದಷ್ಟು ಹಿತವಾದದ್ದನ್ನು ನಾನು ಕೇಳಿಲ್ಲ.

ನಮ್ಮ ತಂಡದ ತರುಣರು ಮತ್ತೊಂದು ದಾರಿಯನ್ನೂ ಸೂಚಿಸಿದ್ದರು. ಹಳೆಯ ಮುದ್ರಿಕೆಗಳು ಬೇಕಾದಷ್ಟಿವೆ, ಕೃತಕ ಬುದ್ಧಿಮತ್ತೆಗೆ ಉಣಿಸಿದರೆ ಅದೇ ದನಿ ಮತ್ತೆ ಸಿಗುತ್ತದೆ ಎಂದು. ಹಾಲಿವುಡ್‌ನಲ್ಲಿ ಇದು ಆಗಿದೆ. ‘ಸ್ಟಾರ್ ವಾರ್ಸ್’ ಚಿತ್ರಗಳಲ್ಲಿ ಡಾರ್ತ್ ವೇಡರ್ ಪಾತ್ರಕ್ಕೆ ದನಿಯಾಗಿದ್ದ ಜೇಮ್ಸ್ ಅರ್ಲ್ ಜೋನ್ಸ್ ತಮ್ಮ ಹಳೆಯ ಮುದ್ರಿಕೆಗಳಿಂದ ಆ ದನಿಯನ್ನು ಮರುಸೃಷ್ಟಿಸಲು ಒಪ್ಪಿಗೆ ಕೊಟ್ಟರು, 2022ರ ಸರಣಿಯೊಂದರಲ್ಲಿ ಅದು ಬಳಕೆಯಾಯಿತು. ಒಪ್ಪಿಗೆ ಎಂಬುದನ್ನು ಗಮನಿಸಿ. ನಮ್ಮ ಬಾಂಬೆ ಹೈಕೋರ್ಟು 2024ರ ಜುಲೈಯಲ್ಲಿ ಗಾಯಕ ಅರಿಜಿತ್ ಸಿಂಗ್ ಅವರ ಪ್ರಕರಣದಲ್ಲಿ, ಅನುಮತಿಯಿಲ್ಲದೆ ಯಂತ್ರದಿಂದ ಅವರ ದನಿಯನ್ನು ನಕಲು ಮಾಡುವುದಕ್ಕೆ ಮಧ್ಯಂತರ ತಡೆ ಕೊಟ್ಟಿದೆ. ನಮ್ಮ ಹಿರಿಯರನ್ನು ಕೇಳಿದ್ದರೆ ಬಹುಶಃ ಒಪ್ಪುತ್ತಿದ್ದರು. ನಾನೇ ಬೇಡವೆಂದೆ. ಯಂತ್ರದ ಅಜ್ಜ ಪೂರಿ ಕದಿಯುವುದಿಲ್ಲ. ಅಜ್ಜಿ ಯಾರ ಮೇಲೆ ರೇಗಬೇಕು?

ಕೇಳುಗರ ಪ್ರತಿಕ್ರಿಯೆ ಹೇಗಿತ್ತೆಂದರೆ, ಮೊದಮೊದಲು ಬೈದರು. ಮುಲುಂಡಿನ ಒಬ್ಬ ಅಮ್ಮ, ನಮ್ಮ ಅಜ್ಜನನ್ನು ಎಲ್ಲಿಟ್ಟಿದ್ದೀರಿ ಎಂದು ಫೋನಿನಲ್ಲಿ ತರಾಟೆಗೆ ತೆಗೆದುಕೊಂಡರು. ಅವರಿಗೆ ನಿಜವನ್ನೇ ಹೇಳಿದೆವು. ಕಂತಿನ ಕೊನೆಯಲ್ಲಿ ಹೊಸ ನಟರ ಹೆಸರನ್ನೂ ಹಿಂದಿನವರ ಹೆಸರನ್ನೂ ಒಟ್ಟಿಗೆ ಹೇಳಿದೆವು. ಮೊದಲಲ್ಲಿ ಹೇಳಬಾರದು, ಹೇಳಿದರೆ ಇಡೀ ಕಂತನ್ನು ಜನ ತಪ್ಪು ಹುಡುಕುತ್ತಲೇ ಕೇಳುತ್ತಾರೆ. ಬೈಗುಳ ಕ್ರಮೇಣ ಕತೆಯ ಕಡೆಗೆ ತಿರುಗಿತು. ಅಜ್ಜ ಹೋಟೆಲನ್ನು ಮಾರಬಾರದು ಎಂದು ಈಗ ಅದೇ ಅಮ್ಮ ಬೈಯುತ್ತಿದ್ದಾರೆ.

ಈಚೆಗೆ ಅಜ್ಜಿಯ ಪಾತ್ರಧಾರಿಣಿ ನನಗೊಂದು ಷರತ್ತು ಹಾಕಿದ್ದಾರೆ. ತಮ್ಮ ಸರದಿ ಬಂದಾಗ ಅಜ್ಜಿಯನ್ನು ಊರಿಗೆ ಕಳುಹಿಸಿಬಿಡಬೇಕಂತೆ, ಬೇರೆ ಯಾರಿಗೂ ಕೊಡಕೂಡದಂತೆ. ಅಜ್ಜಿ ಈಗ ನಿಮ್ಮೊಬ್ಬರ ಸ್ವತ್ತಲ್ಲ ಎಂದೆ. ಹಾಗಾದರೆ ಯಾರ ಸ್ವತ್ತು ಎಂದು ಕೇಳಿದರು. ಹೊಸ ಅಜ್ಜ ಅವರ ಪಕ್ಷ ವಹಿಸಿದ್ದಾರೆ. ಮುಂದಿನ ಮುದ್ರಣದ ದಿನ ಈ ಮಾತು ಮತ್ತೆ ಬರಲಿದೆ, ನನ್ನ ಪಕ್ಷದಲ್ಲಿ ಸದ್ಯಕ್ಕೆ ನಾನೊಬ್ಬನೇ ಇದ್ದೇನೆ.

ನಮಸ್ಕಾರ.