ಪಾತ್ರೆ ತೊಳೆಯಲು ಹೋದ ಸಿರಿವಂತರ ಮಕ್ಕಳು

ನಮಸ್ಕಾರ ಕೇಳುಗರೇ. ಅಮೆರಿಕದಲ್ಲಿ ಬೇಸಿಗೆ ರಜೆ ಬಂತೆಂದರೆ ಎಷ್ಟೋ ಹುಡುಗರು ಟ್ರಂಕು ತುಂಬಿಕೊಂಡು ಯಾವುದಾದರೂ ಸರೋವರದ ದಡದ ಬೇಸಿಗೆ ಶಿಬಿರಕ್ಕೆ ಹೊರಡುತ್ತಾರೆ. ಮರದ ಕ್ಯಾಬಿನ್ನು, ಬೆಳಿಗ್ಗೆ ಎಬ್ಬಿಸುವ ಕಹಳೆ, ದೋಣಿ, ಈಜು, ರಾತ್ರಿ ಬೆಂಕಿಯ ಸುತ್ತ ಹಾಡು. ಬರೀ ಮಜಾ ಅನ್ನಿಸುತ್ತದೆ ಅಲ್ವಾ? ಆದರೆ ಶುರುವಿನಲ್ಲಿ ಉದ್ದೇಶವೇ ಬೇರೆ ಇತ್ತು.

1861ರಲ್ಲೇ ಕನೆಕ್ಟಿಕಟ್‌ನ ಗನ್ ಎಂಬ ಮೇಷ್ಟ್ರು ತಮ್ಮ ಶಾಲೆಯ ಹುಡುಗರನ್ನು ಕಡಲ ತೀರಕ್ಕೆ ಕರೆದುಕೊಂಡು ಹೋಗಿದ್ದರು. ಸರೋವರದ ಕಥೆಗೆ ಮಾತ್ರ 1881ಕ್ಕೆ ಬರಬೇಕು. ಸಿರಿವಂತರ ಗಂಡುಮಕ್ಕಳು ರಜೆಯಿಡೀ ದೊಡ್ಡ ಹೋಟೆಲುಗಳಲ್ಲಿ ಸುಮ್ನೆ ಬಿದ್ದುಕೊಂಡು ಹಾಳಾಗುತ್ತಿದ್ದಾರೆ ಅಂತ ಡಾರ್ಟ್‌ಮತ್ ಕಾಲೇಜಿನ ಅರ್ನೆಸ್ಟ್ ಬಾಲ್ಚ್ ಎಂಬ ಯುವಕನಿಗೆ ತಲೆಕೆಟ್ಟುಹೋಗಿತ್ತು. ನ್ಯೂ ಹ್ಯಾಂಪ್‌ಶೈರ್‌ನ ಸ್ಕ್ವಾಮ್ ಸರೋವರದ ಒಂದು ನಡುಗಡ್ಡೆಯಲ್ಲಿ ಶಿಬಿರ ಹೂಡಿದ, ಚಕೋರುವಾ ಅಂತ ಹೆಸರಿಟ್ಟ. ಅಲ್ಲಿ ಆಳುಕಾಳು ಯಾರೂ ಇಲ್ಲ. ಅಡುಗೆ ಮಾಡುವವರು, ಪಾತ್ರೆ ತಿಕ್ಕುವವರು, ಬಟ್ಟೆ ಒಗೆಯುವವರು ಎಲ್ಲ ಆ ಸಾಹುಕಾರರ ಮಕ್ಕಳೇ. ಕೈಖರ್ಚಿಗೆ ಸಿಗುವುದು ಚಿಲ್ಲರೆ ಕಾಸು, ಜಾಸ್ತಿ ಬೇಕಾದರೆ ಶಿಬಿರದ ಕೆಲಸವನ್ನೇ ಗುತ್ತಿಗೆ ಹಿಡಿದು ದುಡಿಯಬೇಕು! ಅಪ್ಪನ ಜೇಬು ಅಲ್ಲಿ ನಡೆಯುತ್ತಿರಲಿಲ್ಲ ಅನ್ನುವುದೇ ನನಗೆ ಬಹಳ ಹಿಡಿಸಿದ್ದು. 1889ಕ್ಕೆ ಶಿಬಿರ ಮುಚ್ಚಿತು, ಅಷ್ಟರಲ್ಲಿ ಇನ್ನೊಬ್ಬರು ಕೈ ಹಾಕಿಯಾಗಿತ್ತು.

ಅವರು ವೈಎಂಸಿಎ, ಅಂದರೆ ಕ್ರೈಸ್ತ ಯುವಕರ ಸಂಘದ ಸಮ್ನರ್ ಡಡ್ಲಿ. 1885ರಲ್ಲಿ ನ್ಯೂಯಾರ್ಕ್ ರಾಜ್ಯದ ಆರೆಂಜ್ ಲೇಕ್‌ಗೆ ಏಳು ಹುಡುಗರನ್ನು ಕರೆದೊಯ್ದರು. ಆ ಶಿಬಿರ ಈಗ ಅವರದೇ ಹೆಸರಿನಲ್ಲಿ ಷಾಂಪ್ಲೇನ್ ಸರೋವರದ ದಡದಲ್ಲಿ ನಡೆಯುತ್ತಿದೆ. 'ಮೊದಲು ಪಕ್ಕದವನು, ಆಮೇಲೆ ನಾನು' ಅನ್ನುವುದು ಅವರ ಧ್ಯೇಯವಾಕ್ಯ.

ಇನ್ನು ಸಂಪ್ರದಾಯಗಳು. ಕಹಳೆ, ಬಾವುಟ ಎಲ್ಲ ಇರಲಿ ಬಿಡಿ, ನನ್ನ ಪ್ರಕಾರ ನೋಡಬೇಕಾದ್ದು ಈಜಿನ ಹೊತ್ತನ್ನು. ಒಬ್ಬನೇ ನೀರಿಗಿಳಿಯುವಂತಿಲ್ಲ, ಜೊತೆಗಾರ ಬೇಕೇ ಬೇಕು. ದಡದಲ್ಲಿ ಒಂದು ಹಲಗೆ, ಅದರ ಮೇಲೆ ಪ್ರತಿ ಹುಡುಗನ ಬಿಲ್ಲೆ. ಇಳಿಯುವಾಗ ಬಿಲ್ಲೆ ಹಾಕಬೇಕು, ಹತ್ತಿದ ಮೇಲೆ ತೆಗೆಯಬೇಕು. ನಡುನಡುವೆ ಸೀಟಿ ಊದುತ್ತದೆ. ಕೂಡಲೇ ಆಟ, ಎರಚಾಟ ಎಲ್ಲ ಬಿಟ್ಟು ಜೋಡಿಗಳು ಕೈ ಹಿಡಿದು ಮೇಲೆತ್ತಬೇಕು, ಒಂದೊಂದೇ ಜೋಡಿಯ ಎಣಿಕೆ ಆಗುತ್ತದೆ. ಲೆಕ್ಕ ತಾಳೆಯಾಗದಿದ್ದರೆ ಎಲ್ಲರೂ ನೀರಿನಿಂದ ಆಚೆಗೆ. ತಮಾಷೆ ನಡೆಯುವುದಿಲ್ಲ.

ಡಡ್ಲಿ ಶಿಬಿರದಲ್ಲಿ ಇನ್ನೊಂದು ಪದ್ಧತಿ ಇದೆ. ಬಂದ ಪ್ರತಿಯೊಬ್ಬನಿಗೂ ಸರದಿಯಂತೆ ಒಂದು ಸಂಖ್ಯೆ, ಅದು ಜೀವನಪೂರ್ತಿ ಅವನದೇ. ಒಂದನೇ ನಂಬರ್ ಡಡ್ಲಿಯವರದ್ದು. ಹಳೆಯ ಹುಡುಗರು, ಅಂದರೆ ಈಗ ತಲೆ ನರೆತವರು, ಹೆಸರಿನ ಪಕ್ಕ ಆ ನಂಬರನ್ನೂ ಬರೆಯುತ್ತಾರೆ. ಇಬ್ಬರು ಎದುರಾದರೆ ನಂಬರ್ ಕೇಳಿಯೇ ಯಾರು ಹಿರಿಯ ಅಂತ ತೀರ್ಮಾನವಾಗಿಬಿಡುತ್ತದೆ.